ಮೂಲೆಯಲ್ಲಿದ್ದ ಕಳ್ಳ

"ಹೋಗು! ಮೂಲೆಗೆ ಹೋಗಿ ನಿಂತ್ಕೋ! ನಾನ್ ಹೇಳೋವರೆಗೂ ತಿರುಗ್ಬಾರ್ದು!"

ಚೂಟಿ ಕಿರುಚಿದ ರಭಸಕ್ಕೆ ಅವಳ ತಮ್ಮ ಗುಂಡ ಕೈಯಲ್ಲಿದ್ದ ಬಟನ್‌ಗಳನ್ನೆಲ್ಲ ಚೆಲ್ಲಿ, ಗೋಡೆಗೆ ಮುಖಮಾಡಿ ನಿಂತುಬಿಟ್ಟ.

ಮೇಜಿನ ಮೇಲೆ ಅವಳ ರಟ್ಟಿನ ಜೆಟ್ ವಿಮಾನ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಪಕ್ಕೆಯ ಉದ್ದಕ್ಕೂ ಹರಿದಿತ್ತು. ನಾಳೆ ಬೆಳಿಗ್ಗೆ ಸೈನ್ಸ್ ಮಿಸ್‌ಗೆ ತೋರಿಸಬೇಕು. ನಾಲ್ಕು ದಿನದ ಕೆಲಸ!

"ನಾನು ಬರೀ ಪ್ಯಾಸೆಂಜರ್ಸ್‌ನ ಕೂರಿಸ್ತಿದ್ದೆ ಅಕ್ಕಾ... ಅದೇ ಹರ್ಕೊಳ್ತು," ಎಂದು ಗುಂಡ ಗೋಡೆಗೆ ಹೇಳಿದ.

"ಅದೇ ಹರ್ಕೊಳ್ಳೋಕೆ ಅದಕ್ಕೇನು ಕೈ ಇದ್ಯಾ? ಬುರುಡೆ ಬಿಡ್ಬೇಡ!"

ಅಷ್ಟರಲ್ಲಿ ಚಿಕ್ಕಮ್ಮ ಕೆಲಸದಿಂದ ಬಂದಳು. ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿ ಟಾರ್ಚ್ ಹಿಡಿದು ಬಿರುಕು ಹುಡುಕುವುದೇ ಅವಳ ಕೆಲಸ. ಸಾಕ್ಸ್ ಕೂಡ ಬಿಚ್ಚದೆ ರಟ್ಟಿನ ವಿಮಾನವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

"ಕಳ್ಳ ಸಿಕ್ಕಿದ. ಮೂಲೆಯಲ್ಲೇ ಇದ್ದಾನೆ."

"ಗೊತ್ತು! ನಾನೇ ನಿಲ್ಲಿಸಿರೋದು!"

ಚಿಕ್ಕಮ್ಮ ಗುಂಡನ ಕಡೆ ನೋಡಿ ಗೊಳ್ಳೆಂದು ನಕ್ಕಳು. "ಆ ಮೂಲೆ ಅಲ್ಲ ಕಣೇ ತಾಯಿ! ಕಿಟಕಿ ಮೂಲೆ. ನೋಡಿಲ್ಲಿ."

ಸ್ಕೇಲ್ ಇಟ್ಟು ಚೂಟಿ ನೀಟಾಗಿ ಕತ್ತರಿಸಿದ್ದ ಚೌಕ ಕಿಟಕಿಗಳು. ಸೀಳು ಒಂದು ಕಿಟಕಿಯ ಮೂಲೆಯಿಂದ ಹೊರಟು ಪಕ್ಕದ ಕಿಟಕಿಯ ಮೂಲೆಗೆ, ಅಲ್ಲಿಂದ ಇನ್ನೊಂದಕ್ಕೆ, ಬಸ್ಸು ಸ್ಟಾಪಿಂದ ಸ್ಟಾಪಿಗೆ ಹೋದ ಹಾಗೆ ಹೋಗಿತ್ತು.

"ಪ್ಯಾಸೆಂಜರ್ ಜೆಟ್‌ಗಳು ಹೊಸದಾಗಿ ಬಂದಾಗ್ಲೂ ಹಿಂಗೇ ಆಗಿತ್ತು ಕಣೇ. ಮೇಲೆ ಹೋದಾಗ ಒಳಗೆ ತುಂಬಿರೋ ಗಾಳಿಗೆ ವಿಮಾನದ ಮೈ ಒಂಚೂರು ಉಬ್ಬುತ್ತೆ, ಇಳಿದಾಗ ಕುಗ್ಗುತ್ತೆ. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಚೂಪು ಮೂಲೇಲಿ ಬಿರುಕು ಬಿಡ್ತು. ಒಂದೆರಡು ವಿಮಾನ ಆಕಾಶದಲ್ಲೇ ಒಡೆದುಹೋದ್ವು."

"ಅಯ್ಯೋ! ಆಮೇಲೆ?"

"ಮೊದ್ಲು ಯಾರಿಗೂ ತಲೆಬುಡ ತಿಳೀಲಿಲ್ಲ. ಕೊನೆಗೆ ಇಡೀ ವಿಮಾನನ ನೀರಿನ ತೊಟ್ಟೀಲಿ ಕೂರಿಸಿದ್ರು. ಒಳಗೂ ನೀರು ತುಂಬಿ ಒತ್ತೋದು, ಬಿಡೋದು. ಸಾವಿರಾರು ಸಲ! ಕಡೆಗೂ ಕಿಟಕಿ ಮೂಲೇಲೇ ಬಿರೀತು. ಅದಕ್ಕೇ ಈಗ ವಿಮಾನದ ಕಿಟಕಿಗೆ ಚೂಪು ಮೂಲೆನೇ ಇಲ್ಲ." ಚಿಕ್ಕಮ್ಮ ಹರಿದ ರಟ್ಟನ್ನು ಮುಚ್ಚಿ ತೆರೆದಳು. "ಸರಿ, ಇದನ್ನ ಅಷ್ಟೊಂದು ಸಲ ಒತ್ತಿ ಬಿಟ್ಟಿದ್ಯಾರು?"

ಚೂಟಿ ಹರಿದ ಅಂಚನ್ನು ಬೆರಳಿನಿಂದ ಸವರಿದಳು. ಸೀಟು ಅಂಟಿಸಲು ನಾಲ್ಕು ದಿನದಿಂದ ರಟ್ಟನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದ್ದು ಅವಳೇ. ಗುಂಡ ಮುಟ್ಟಿದ್ದು ಇವತ್ತೊಂದೇ ದಿನ. ಅದೂ ಅವಳೇ ಕೊಟ್ಟ ಬಟನ್ ಕೂರಿಸಲು.

ಅವಳು ಹೊಸ ರಟ್ಟು, ಪೆನ್ಸಿಲ್, ಬಾಟಲಿಯ ಮುಚ್ಚಳ ಎತ್ತಿಕೊಂಡು ಮೂಲೆಗೆ ಹೋದಳು. ಗುಂಡ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ.

"ತಿರುಗ್ಲಾ ಅಕ್ಕಾ?"

"ಸ್ವಲ್ಪ ಜರುಗು," ಎಂದು ಚೂಟಿ ಅವನ ಪಕ್ಕದಲ್ಲಿ ತಾನೂ ಗೋಡೆಗೆ ಮುಖಮಾಡಿ ನಿಂತಳು. ಆಮೇಲೆ ಮುಚ್ಚಳವನ್ನು ಅವನ ಅಂಗೈಯಲ್ಲಿಟ್ಟಳು. "ಕಿಟಕಿ ನೀನು ಬರಿ. ದುಂಡಗೆ."