ದುಡಿಯದ ಸಿಲಿಂಡರಿನ ಕೇಸು

"ದಫೇದಾರ್ರೇ, ನಾಳಿದ್ದು ಮಾಯಣ್ಣನ್ನ ಪೊಲೀಸಿಗೆ ಒಪ್ಪಿಸ್ತೀನಿ. ಅದಕ್ಕೂ ಮುಂಚೆ ನೀವೊಂದು ಸಲ ಬಂದು ನೋಡ್ಬೇಕು," ಎಂದು ಶಂಭುಲಿಂಗಯ್ಯ ಜಗಲಿಯ ಮೇಲೆ ಕೂರದೆ ನಿಂತೇ ಹೇಳಿದರು.

ಕಿಬ್ಬನಹಳ್ಳಿ ಕ್ರಾಸಿನ ಆಚೆ ಅವರದೊಂದು ಕೊಬ್ಬರಿ ಎಣ್ಣೆಯ ಮಿಲ್ಲಿತ್ತು. ಮರುಳಸಿದ್ದಯ್ಯ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಊರು ಸೇರಿದ ಮೇಲೂ ಸುತ್ತಲ ಜನಕ್ಕೆ ದಫೇದಾರರಾಗಿಯೇ ಉಳಿದಿದ್ದರು. ಬಗೆಹರಿಯದ್ದು ಏನಾದರೂ ಇದ್ದರೆ ಠಾಣೆಗಿಂತ ಮೊದಲು ಜನ ಬರುತ್ತಿದ್ದದ್ದು ಅವರ ಜಗಲಿಗೆ. ಕಣ್ಣಿಗೆ ಪೊರೆ ಬಂದ ಮೇಲೆ ತಮ್ಮನ ಮಗಳು ಕಲ್ಲಮ್ಮ ಅವರ ಜೊತೆ ಹೋಗುತ್ತಿದ್ದಳು. ಗಂಡಸರ ಎದುರು ಬಾಯಿ ಬಿಡದ ಹುಡುಗಿ. ಆದರೆ ಅವಳ ಕಣ್ಣಿಗೆ ಬಿದ್ದದ್ದು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

"ಮಾಯಣ್ಣ ಮಾಡಿದ್ದೇನು?" ದೊಡ್ಡಪ್ಪ ಕೇಳಿದರು.

"ಎಂಜಿನ್ ಮುರ್ದ. ಶಿವಣ್ಣನ ಕಣ್ಣು ತೆಗ್ದ."

ಶಂಭುಲಿಂಗಯ್ಯ ಬಿಡಿಸಿ ಹೇಳಿದರು. ಮಾಯಣ್ಣ ಮಿಲ್ಲಿನ ಎಂಜಿನ್ ಡ್ರೈವರು, ಶಿವಣ್ಣ ಅಲ್ಲಿನ ಆಳು. ಮಿಲ್ಲು ನಡೆಯುವುದು ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನಿಂದ. ಅದು ಡೀಸೆಲ್‌ಗೆ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದ ವರ್ಷ. ಮಳೆಗಾಲದಲ್ಲೇ ಅವರು ಒಂದು ಉಪಾಯ ಮಾಡಿದ್ದರು. ಕೊಬ್ಬರಿ ಕಡಿಮೆ ಇದ್ದ ದಿನ ಎರಡನೆಯ ಸಿಲಿಂಡರಿಗೆ ಡೀಸೆಲ್ ನಿಲ್ಲಿಸಿ, ಲಿವರ್ ಎತ್ತಿ ಅದರ ವಾಲ್ವ್ ತೆರೆದೇ ಇಡುವುದು. ಒಂದು ದುಡಿಯುತ್ತದೆ, ಇನ್ನೊಂದು ಸುಮ್ಮನೆ ಸುತ್ತುತ್ತದೆ. ಡೀಸೆಲ್ ಉಳಿಯುತ್ತದೆ.

"ಚಳಿ ಬಿದ್ದಾಗಿನಿಂದ ಮೂರು ಸಲ ಟ್ಯಾಪೆಟ್ ಮುರೀತು. ಮೂರೂ ಸಲ ಆ ಸುಮ್ಮನಿರೋ ಸಿಲಿಂಡರಿಂದೇ! ಗೇಯೋ ಎತ್ತು ಗಟ್ಟಿಯಾಗಿದ್ದು, ಕೊಟ್ಟಿಗೇಲಿ ಕಟ್ಟಿದ ಎತ್ತಿನ ಕಾಲು ಮುರೀತದೆ ಅಂದ್ರೆ ಯಾರೋ ಮುರೀತಿದಾರೆ ಅಂತ ತಾನೇ? ಮೂರನೇ ಸಲ ಟ್ಯಾಪೆಟ್ ಮೇಲಿನ ಕಡ್ಡಿ ಹಾರಿ ಬೆಲ್ಟ್ ಹತ್ರ ನಿಂತಿದ್ದ ಶಿವಣ್ಣನ ಎಡಗಣ್ಣಿಗೆ ಬಡೀತು. ಎಂಜಿನ್ ಮನೆ ಬೀಗದ ಕೈ ಮಾಯಣ್ಣನ ಸೊಂಟದಲ್ಲೇ ಇರೋದು. ಶಿವಣ್ಣನಿಗೂ ಎಂಜಿನ್ ಕಲಿಸು ಅಂದಿದ್ದೆ. ಇವನು ಹತ್ರಕ್ಕೂ ಸೇರಿಸ್ತಿರಲಿಲ್ಲ. ಹೋದ ವಾರ ಇಬ್ಬರೂ ಕೈ ಕೈ ಮಿಲಾಯಿಸೋ ಹಾಗಾಗಿತ್ತು."

"ಮಾಯಣ್ಣ ಏನಂತಾನೆ?"

"ಏನೂ ಅನ್ನಲ್ಲ. ಬಾಯಿಗೆ ಬೀಗ."

ಅವರು ಮಿಲ್ಲಿಗೆ ಹೋದಾಗ ಬಿಸಿಲೇರಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಗೋಡೆಗೂ ಹತ್ತಿತ್ತು. ತಿಪಟೂರಿನ ಮೆಕ್ಯಾನಿಕ್ ಕರಿಬಸವಯ್ಯ ಎಂಜಿನ್ನಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಹೆಬ್ಬೆರಳು ದಪ್ಪದ ಒಂದು ಉಕ್ಕಿನ ತುಂಡನ್ನು ದೊಡ್ಡಪ್ಪನ ಅಂಗೈಗೆ ಇಟ್ಟ.

"ಇದೇ ಕಣ್ರೀ ಟ್ಯಾಪೆಟ್ಟು. ಕೆಳಗೆ ಕ್ಯಾಮ್, ಅಂದ್ರೆ ಉಬ್ಬಿರೋ ಚಕ್ರ, ಸುತ್ತಿದ ಹಾಗೆ ಇದು ಎದ್ದು ಬೀಳ್ಬೇಕು. ಇದು ಎದ್ರೆ ಮೇಲಿನ ಕಡ್ಡಿ ಎದ್ದು ವಾಲ್ವ್ ತೆಗೀತದೆ. ತಳ ಮುಟ್ಟಿ ನೋಡಿ."

ದೊಡ್ಡಪ್ಪ ಬೆರಳಾಡಿಸಿದರು. "ಇಲಿ ಕಡಿದ ಹಾಗಿದೆ."

"ಎಣ್ಣೆ ಕಾಣದೆ ಉಜ್ಜಿದ್ರೇನೇ ಹಿಂಗಾಗೋದು. ಆದ್ರೆ ಬಟ್ಟಲಲ್ಲಿ ಎಣ್ಣೆ ತುಂಬೈತೆ, ತೂತಲ್ಲೂ ಇಳೀತಾ ಐತೆ. ನಾನು ಬಂದಾಗೆಲ್ಲ ನೋಡೀನಿ. ನನಗೇ ತಲೆ ಕೆಟ್ಟೋಗದೆ."

ಒಂದೊಂದು ಸಿಲಿಂಡರಿನ ಪಕ್ಕಕ್ಕೂ ಪುಟ್ಟ ಎಣ್ಣೆ ಬಟ್ಟಲಿತ್ತು. ಪ್ರತಿ ಬೆಳಿಗ್ಗೆ ಕೈಯಲ್ಲೇ ಎಣ್ಣೆ ಬಿಡಬೇಕು. ಸೂಜಿ ಹೋಗುವಷ್ಟು ತೂತಿನಿಂದ ಅದು ಟ್ಯಾಪೆಟ್ಟಿಗೆ ಇಳಿಯುತ್ತದೆ.

ಕಲ್ಲಮ್ಮ ಬಾಗಿಲಲ್ಲೇ ನಿಂತಿದ್ದಳು. ಹೊಸಿಲಿನ ಒಳಗಡೆ, ಎಂಜಿನ್ನಿನ ಮುಂದೆ ರಂಗೋಲಿ ಇತ್ತು. ಎರಡೂ ಬಟ್ಟಲಿನ ಪಕ್ಕ ಕುಂಕುಮದ ಬೊಟ್ಟು. ಮೂಲೆಯಲ್ಲಿ ಮಾಯಣ್ಣನ ಹೆಂಡತಿ ರಂಗಮ್ಮ ಪೊರಕೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಮಿಲ್ಲಿನ ಕಸ ಮುಸುರೆ ಅವಳದೇ.

ಮಾಯಣ್ಣ ಕಾಫಿ ಕುಡಿದು ಲೋಟ ಇಟ್ಟ. ಇಡುವ ಮೊದಲು ಎಡಗೈ ಬೆರಳುಗಳಿಂದ ಕಟ್ಟೆಯ ಅಂಚನ್ನು ಸವರಿದ. ಕಲ್ಲಮ್ಮ ಅದನ್ನೇ ನೋಡಿದಳು. ಮನೆಯಲ್ಲಿ ದೊಡ್ಡಪ್ಪ ದಿನಾ ಲೋಟ ಇಡುತ್ತಿದ್ದದ್ದೂ ಹೀಗೆಯೇ.

ದೊಡ್ಡಪ್ಪ ಕೇಳಿದರು, "ಮೂರು ಸಲವೂ ಮುರಿದದ್ದು ಯಾವ ಹೊತ್ತಲ್ಲಿ?"

"ಬೆಳಿಗ್ಗೆ, ಶುರು ಮಾಡಿದ ಸ್ವಲ್ಪ ಹೊತ್ತಿಗೆ," ಎಂದರು ಶಂಭುಲಿಂಗಯ್ಯ.

"ಕರಿಬಸವಯ್ಯ, ನೀನು ಬರೋದು?"

"ತಿಪಟೂರಿಂದ ಬಸ್ ಹಿಡ್ದು ಬರೋ ಹೊತ್ಗೆ ಇದೇ ಹೊತ್ತಾಗ್ತದೆ."

"ಸರಿ. ಹೊಸ ಟ್ಯಾಪೆಟ್ ಹಾಕು. ಮಾಯಣ್ಣ, ನಾಳೆಯಿಂದ ಎಂದಿನ ಹಾಗೇ ಎಲ್ಲ ನಡೀಲಿ. ಎಣ್ಣೆ ಬಿಡೋದೂ ಎಂದಿನ ಹಾಗೇ. ಆದ್ರೆ ನಾನು ಹೇಳೋವರೆಗೂ ಎಂಜಿನ್ ಮಾತ್ರ ತಿರುಗಿಸಬೇಡ."

ಮಾಯಣ್ಣ ದನಿ ಬಂದ ಕಡೆ ಮುಖ ತಿರುಗಿಸಿ ತಲೆಯಾಡಿಸಿದ.

ಮರುದಿನ ಮುಂಜಾನೆ ಹಲ್ಲು ಕಟಕಟಿಸುವ ಚಳಿಯಲ್ಲಿ ಇಬ್ಬರೂ ಮತ್ತೆ ಮಿಲ್ಲಿಗೆ ಬಂದರು. ಮಿಲ್ಲಿನ ಕತ್ತಲೆ ಮೂಲೆಯ ತಗಡಿನ ಡಬ್ಬದಲ್ಲಿ ಎರಡನೆಯ ಸಲ ಮುರಿದ ಟ್ಯಾಪೆಟ್ಟು, ಅದು ಕೂರುವ ಕೊಳವೆಯ ಸಮೇತ ಬಿದ್ದಿತ್ತು. ಕಲ್ಲಮ್ಮ ಅದರ ಎಣ್ಣೆ ತೂತಿಗೆ ಹೇರ್‌ಪಿನ್ ತೂರಿಸಿ ಎಳೆದಾಗ ತುದಿಗೆ ಬೆಣ್ಣೆಯಂಥ ಬಿಳಿ ಚೂರು ಬಂತು. ದೊಡ್ಡಪ್ಪನಿಗೆ ತೋರಿಸಲು ಅಂಗೈಯಲ್ಲಿ ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ಅದು ಬರೀ ಜಿಡ್ಡಾಗಿತ್ತು. ಅವಳು ಮೂಸಿದಳು. ತನ್ನ ಜಡೆಯದೇ ವಾಸನೆ. ಈ ತಿಂಗಳಲ್ಲಿ ಯಾವ ಹೆಣ್ಣುಮಗಳು ತಾನೇ ತಲೆಗೆ ಹಚ್ಚುವ ಮುಂಚೆ ಎಣ್ಣೆ ಶೀಸೆಯನ್ನು ಒಲೆಯ ಹತ್ತಿರ ಇಡುವುದಿಲ್ಲ?

ಮನೆಗೆ ಬರುವ ದಾರಿಯಲ್ಲಿ ಅವಳು ಅದನ್ನು ಹೇಳಿದಳು. ಲೋಟದ ಮಾತು ಮಾತ್ರ ಬಿಟ್ಟಳು.

"ಇನ್ನೇನೋ ಇದೆ, ಹೇಳು ಮಗಾ."

"ಹೇಳಿದ್ರೆ ಅವನ ಕೆಲಸ ಹೋಗ್ತದೆ ದೊಡ್ಡಪ್ಪ."

"ಹೇಳದಿದ್ರೆ ಅವನೇ ಜೈಲಿಗೆ ಹೋಗ್ತಾನೆ."

ಅವಳು ಹೇಳಿದಳು.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಎಂಜಿನ್ ಮನೆಯಲ್ಲಿ ಸೇರಿದರು. ಬೆಳಗಿನ ಬಸ್ಸಿಗೆ ಕಾಯದೆ ಹಿಂದಿನ ರಾತ್ರಿಯೇ ಬಂದು ಉಳಿದಿದ್ದ ಕರಿಬಸವಯ್ಯ ಅಲ್ಲೇ ಇದ್ದ. ಶಿವಣ್ಣ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದ. ಎಡಗಣ್ಣಿಗೆ ಬ್ಯಾಂಡೇಜು. ಆ ಕಣ್ಣು ಇನ್ನಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಅವನು ಮಾಯಣ್ಣನ ಕಡೆ ನೋಡಲಿಲ್ಲ.

"ಲಿವರ್ ಎತ್ತಿ, ಒಂದೇ ಸಿಲಿಂಡರಿನಲ್ಲಿ ಓಡಿಸು ಕರಿಬಸವಯ್ಯ. ಬೆಲ್ಟ್ ಬೇಡ, ಯಾರೂ ಹತ್ರ ನಿಲ್ಲೋದೂ ಬೇಡ," ಎಂದರು ದೊಡ್ಡಪ್ಪ. ಎಂಜಿನ್ನು ಕುಂಟುತ್ತಾ ಓಡಿತು. ಸ್ವಲ್ಪ ಹೊತ್ತಿಗೆ ಎರಡನೆಯ ಸಿಲಿಂಡರಿನ ಒಳಗೆ ಟಕ್ ಟಕ್ ಸದ್ದು ಶುರುವಾಯಿತು.

"ನಿಲ್ಲಿಸು. ಎರಡೂ ಬಟ್ಟಲು ನೋಡು."

ಕರಿಬಸವಯ್ಯ ಬಗ್ಗಿದ. ಒಂದರಲ್ಲಿ ಎಣ್ಣೆ ನೀರಿನ ಹಾಗೆ ತಿಳಿಯಾಗಿತ್ತು. ಇನ್ನೊಂದರಲ್ಲಿ ಅವನ ಬೆರಳು ಗುರುತು ಮೂಡಿಸಿತು. "ಅಯ್ಯೋ ಶಿವನೇ! ಕೊಬ್ಬರಿ ಎಣ್ಣೆ! ಹೆಪ್ಪುಗಟ್ಟೈತೆ!"

"ಮೂರು ಸಲ ನಡೆದದ್ದೂ ಇದೇ," ದೊಡ್ಡಪ್ಪ ನಿಧಾನವಾಗಿ ಹೇಳಿದರು. "ದುಡಿಯೋ ಸಿಲಿಂಡರು ಕಾಯ್ತದೆ, ಅದರ ಬಟ್ಟಲಲ್ಲಿ ಎಣ್ಣೆ ಕರಗಿ ಇಳೀತದೆ. ಸುಮ್ಮನಿರೋದು ತಣ್ಣಗೇ ಇರ್ತದೆ. ಎಣ್ಣೆ ತೂತಲ್ಲೇ ಗಟ್ಟಿಯಾಗಿ ನಿಲ್ತದೆ. ಟ್ಯಾಪೆಟ್ಟು ಒಣಗಿ ಕೊಳವೇಲಿ ಬಿಗೀತದೆ, ಬಿಗಿದದ್ದು ದಡಕ್ಕನೆ ಬಿದ್ದು ಕ್ಯಾಮಿನ ಮೇಲೆ ಏಟು ತಿಂತದೆ. ಕಡ್ಡಿ ಸಡಿಲಾಗಿ ಹಾರ್ತದೆ. ಮಳೆಗಾಲದಲ್ಲಿ ಏನೂ ಆಗದೆ ಚಳಿ ಬಂದ ಮೇಲೆ ಮುರಿದದ್ದು ಅದಕ್ಕೇ. ಮೆಕ್ಯಾನಿಕ್ ಬರೋ ಹೊತ್ತಿಗೆ ಬಿಸಿಲಿಗೆ ಎಲ್ಲ ಕರಗಿ, ಸಾಕ್ಷಿನೂ ಕರಗಿ ಹೋಗ್ತಿತ್ತು. ವಾಸನೆ ಹಿಡಿಯೋಣ ಅಂದ್ರೆ ಮಿಲ್ಲೆಲ್ಲ ಅದೇ ವಾಸನೆ."

"ಹಂಗಾದ್ರೆ ಎಣ್ಣೆ ಬಿಟ್ಟವನು ಇವನೇ!" ಶಂಭುಲಿಂಗಯ್ಯ ಮಾಯಣ್ಣನ ಕಡೆ ಕೈ ತೋರಿದರು.

"ಹೂಂ, ನಾನೇ," ಎಂದ ಮಾಯಣ್ಣ. ಅವನು ಆಡಿದ ಮೊದಲ ಮಾತು.

"ಬಾ ಇಲ್ಲಿ." ದೊಡ್ಡಪ್ಪ ಅವನನ್ನು ಹೆಪ್ಪುಗಟ್ಟಿದ್ದ ಬಟ್ಟಲಿನ ಮುಂದೆ ನಿಲ್ಲಿಸಿದರು. "ಕರಿಬಸವಯ್ಯ ಈಗ ಇದನ್ನ ಒರೆಸಿ ಬೇರೆ ಎಣ್ಣೆ ಬಿಟ್ಟ. ಮುಟ್ಟಬೇಡ, ನೋಡಿ ಹೇಳು. ಇದರಲ್ಲಿರೋ ಎಣ್ಣೆ ಯಾವ ಬಣ್ಣ?"

ಮಾಯಣ್ಣ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಕರೀದು. ಎಂಜಿನ್ ಆಯಿಲ್ ಇನ್ಯಾವ ಬಣ್ಣ ಇರ್ತದೆ?"

ಕರಿಬಸವಯ್ಯ ಏನೂ ಒರೆಸಿರಲಿಲ್ಲ; ಬಟ್ಟಲಲ್ಲಿದ್ದದ್ದು ಇನ್ನೂ ಮಲ್ಲಿಗೆಯಷ್ಟು ಬಿಳುಪು. ಕಲ್ಲಮ್ಮ ನೆಲ ನೋಡಿದಳು.

ರಂಗಮ್ಮ ಪೊರಕೆ ಬಿಟ್ಟು ಮುಂದೆ ಬಂದಳು. "ನಾನು ಕಣ್ರೀ ಬುಟ್ಟಿದ್ದು! ಅವರಿಗೆ ಬಟ್ಲು ಕಾಣಾಕಿಲ್ಲ, ಎರಡು ವರ್ಸದಿಂದ ಮಂಜು ಮಂಜು. ಬೆಳಿಗ್ಗೆ ರಂಗೋಲಿ ಬುಡೋವಾಗ ನಾನೇ ತುಂಬಿಸ್ತಿದ್ದೆ. ಯಜಮಾನ್ರೇ, ಆಯಿಲ್ ಡಬ್ಬಕ್ಕೆ ನೀವು ಬೀಗ ಹಾಕಿಟ್ರಿ. ಅಳೆದು ಕೊಟ್ಟಿದ್ದು ಎಂಜಿನ್ ಹೊಟ್ಟೆಗೇ ಆಯ್ತು, ಬಟ್ಲಿಗೆ ಉಳೀಲಿಲ್ಲ. ಕೇಳಾಕೆ ಹೆದರಿ, ಗಾಣದ ಕೆಳಗೆ ತೊಟ್ಟಿಕ್ಕಿದ್ದ ಹೊಸಾ ಎಣ್ಣೆ ಬುಟ್ಟೆ. ಎಳೇ ಕೂಸಿನ ನೆತ್ತಿಗೆ ಹಾಕೋ ಎಣ್ಣೆ ಅದು. ಆ ಕರೀ ಎಣ್ಣೆಗಿಂತ ಒಳ್ಳೇದೇ ಅಂದ್ಕಂಡೆ. ಇವರಿಗೂ ಹೇಳ್ಲಿಲ್ಲ ಕಣಪ್ಪ ಶಿವಣ್ಣ..."

"ಇವನು ಬಾಯಿ ಬಿಡದೆ ಇದ್ದದ್ದು ಎಣ್ಣೆ ಹೆಂಡತಿ ಬಿಡ್ತಿದ್ದಳು ಅನ್ನೋದನ್ನ ಮುಚ್ಚಿಡೋಕೆ," ಎಂದರು ದೊಡ್ಡಪ್ಪ. "ಅದು ಹೊರಗೆ ಬಿದ್ರೆ ಕಣ್ಣಿನ ವಿಷಯವೂ ಹೊರಗೆ ಬೀಳ್ತಿತ್ತು. ಶಿವಣ್ಣನ್ನ ಹತ್ರ ಸೇರಿಸದೇ ಇದ್ದದ್ದೂ ಅದಕ್ಕೇ. ದ್ವೇಷ ಅಲ್ಲ, ಭಯ. ಶಂಭುಲಿಂಗಯ್ಯನೋರೇ, ಸಿಲಿಂಡರನ್ನ ತಣ್ಣಗೆ ಕೂರಿಸಿದ್ದು ನಿಮ್ಮ ಅಪ್ಪಣೆ. ಆಯಿಲ್ ಡಬ್ಬಕ್ಕೆ ಬೀಗ ಹಾಕಿದ್ದೂ ನೀವೇ."

ಶಂಭುಲಿಂಗಯ್ಯ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. "ಮಧ್ಯಾಹ್ನ ಪೊಲೀಸ್ನೋರು ಬರ್ತಾರೆ. ನಾನೇನು ಹೇಳ್ಲಿ?"

ಎಲ್ಲರೂ ಶಿವಣ್ಣನ ಕಡೆ ತಿರುಗಿದರು. ಅವನು ಒಂಟಿ ಕಣ್ಣಲ್ಲಿ ಬಟ್ಟಲನ್ನೇ ನೋಡುತ್ತಿದ್ದ.

"ಕಡ್ಡಿ ಹಾರ್ತು ಅಂತ ಹೇಳಿ. ಹಾರಿದ್ದು ನಿಜ ತಾನೇ." ಆಮೇಲೆ ಮಾಯಣ್ಣನ ಹತ್ತಿರ ಬಂದ. "ನಿಂಗೆ ಕಣ್ ಕಾಣಾಕಿಲ್ಲ ಅಂತ ನನಗ್ಯಾಕೆ ಹೇಳ್ಲಿಲ್ಲ ಮಾವ? ಎಣ್ಣೆ ನಾನು ಬುಡ್ತಿರ್ಲಿಲ್ವಾ?"

ಮಾಯಣ್ಣ ಗೋಡೆಗೆ ಒರಗಿಸಿದ್ದ ಎಂಜಿನ್ ತಿರುಗಿಸುವ ಹ್ಯಾಂಡಲನ್ನು ತಡವಿ ತೆಗೆದು ಮುಂದೆ ಚಾಚಿದ. ಶಿವಣ್ಣ ಕೈ ನೀಡಿದ. ಒಂದೇ ಕಣ್ಣಿಗೆ ದೂರ ತಿಳಿಯದೆ ಅವನ ಕೈ ಒಂದು ಗೇಣು ಆಚೆ ಹೋಯಿತು. ಇಬ್ಬರ ಕೈಗಳೂ ಗಾಳಿಯಲ್ಲಿ ಹುಡುಕಾಡಿದವು. ಅಷ್ಟು ಗಂಡಸರ ನಡುವೆ ಕಲ್ಲಮ್ಮ ಮುಂದೆ ಬಂದು ಹ್ಯಾಂಡಲು ತೆಗೆದುಕೊಂಡು ಶಿವಣ್ಣನ ಅಂಗೈಗೆ ಇಟ್ಟಳು.

ಕರಿಬಸವಯ್ಯ ಸೀಮೆಎಣ್ಣೆ ಸುರಿದು ಬಟ್ಟಲು ತೊಳೆದ, ತೂತಿಗೆ ಸೂಜಿ ಹಾಯಿಸಿದ, ಕ್ಯಾಮಿನ ಉಬ್ಬುತಗ್ಗು ನಯಮಾಡಿದ. ಶಂಭುಲಿಂಗಯ್ಯ ಆಯಿಲ್ ಡಬ್ಬವನ್ನು ತಾವೇ ಹೊತ್ತು ತಂದರು. ಅದೆಲ್ಲ ಮುಗಿಯುವವರೆಗೂ ಮಾಯಣ್ಣ ಎಂಜಿನ್ನಿಗೆ ಬೆನ್ನು ಮಾಡಿ ನಿಂತಿದ್ದ.

"ಲಿವರ್ ಮೊದ್ಲೇ ಎತ್ತಬ್ಯಾಡ ಕಣ್ಲಾ," ಎಂದ ಅವನು ತಿರುಗದೆಯೇ. "ಎರಡನ್ನೂ ಓಡಿಸಿ ಬೆಚ್ಚಗೆ ಮಾಡ್ಕೊ. ಕೂರಿಸಲೇಬೇಕಾದ್ರೆ ಇವತ್ತು ಒಂದು, ನಾಳೆ ಇನ್ನೊಂದು. ಸ್ಟಾರ್ಟ್ ಮಾಡೋಕೆ ಮುಂಚೆ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಟ್ಯಾಪೆಟ್ ಮೇಲೆ ಬೆರಳಿಟ್ಟು ನೋಡು. ಎದ್ದು ಬೀಳ್ತಾ ಐತಾ?"

ಶಿವಣ್ಣ ಹ್ಯಾಂಡಲು ತಿರುಗಿಸಿದ. ಬೆರಳಿಟ್ಟು ಕಾದ.

"ಐತೆ ಮಾವ."