ಲೈಟ್‌ಹೌಸಿನ ಹೊಟ್ಟೆಗೆ ಬಿದ್ದ ತೂತು

ಮಾರ್ಚ್ ತಿಂಗಳ ಆ ಗುರುವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ಲೈಟ್‌ಹೌಸಿನ ಹೊಟ್ಟೆಗೆ ತೂತು ಬಿದ್ದಿರುವುದು ಪತ್ತೆಯಾಯಿತು.

ಕಂಡವನು ಅದನ್ನು ಕಟ್ಟಿದವನೇ, ಗ್ರಹಾಂ ಥಾರ್ನ್‌ಲಿ. ಗ್ರಿಮ್ಸ್‌ಬಿ ಎಂಬ ಬಂದರೂರಿನ ಪ್ರಾಥಮಿಕ ಶಾಲೆಯಲ್ಲಿ ಅಂದು ಕಥೆಪುಸ್ತಕದ ಪಾತ್ರಗಳ ವೇಷ ಹಾಕುವ ದಿನ. ಮಕ್ಕಳು ಮೆರವಣಿಗೆಗೆ ಸಾಲಾಗಿ ನಿಂತಿದ್ದರು. ಅವನ ಆರು ವರ್ಷದ ಮಗ ಐವರ್ ಲೈಟ್‌ಹೌಸ್ ಆಗಿದ್ದ; ಕೆಂಪು ಬಿಳಿ ಪಟ್ಟೆಯ ಸ್ಪಂಜಿನ ಗೋಪುರದೊಳಗಿಂದ ಮುಖವನ್ನಷ್ಟೇ ಹೊರಗೆ ಹಾಕಿದ್ದ. ಗೋಪುರದ ಮುಂಭಾಗದಲ್ಲಿ ಅಂಗೈಯಗಲದ ತೂತು.

“ಮೂರು ವಾರ ರೀ! ಮೂರು ವಾರ ನಿದ್ದೆಗೆಟ್ಟು ಮಾಡಿದ್ದು!” ಗ್ರಹಾಂ ಕೂಗಿದ.

ಎಂಟು ವರ್ಷದ ನೆಸ್ಟಾ ಕಡಲ್ಗಳ್ಳರ ನಾಯಕಿಯಾಗಿದ್ದಳು. ಅವಳ ಸೊಂಟದ ಪಟ್ಟಿಯಲ್ಲಿ ಕತ್ತರಿಯಿತ್ತು.

“ಕೇಳೋದೇನಿದೆ? ಹೋದ ವರ್ಷ ಬಹುಮಾನ ನಮಗೆ ಬಂತಲ್ಲ, ಅದರ ಹೊಟ್ಟೆಕಿಚ್ಚು!” ಗ್ರಹಾಂ ಅವಳತ್ತ ಬೆರಳು ತೋರಿಸಿದ.

ಹೆಡ್‌ಮಿಸ್ಟ್ರೆಸ್ ಪ್ರೆಂಟಿಸ್ ಕೇಳಿದರು. “ನೀನೇ ಕತ್ತರಿಸಿದ್ಯಾ, ನೆಸ್ಟಾ?”

ನೆಸ್ಟಾ ಬಾಯಿ ಬಿಡಲಿಲ್ಲ.

“ಸರಿ. ನಿನಗೆ ಮೆರವಣಿಗೆ ಇಲ್ಲ. ಆಫೀಸಲ್ಲಿ ಕೂತ್ಕೋ.”

ನೋಡಲು ಬಂದವರ ಮುಂದಿನ ಸಾಲಿನಲ್ಲಿ ನೆಸ್ಟಾಳ ಅಜ್ಜಿ ಕುಳಿತಿದ್ದಳು. ತೀರಿಹೋದ ಗಂಡನ ಕೋಟನ್ನು ಬಿಚ್ಚಿ ಮೊಮ್ಮಗಳಿಗೆ ಆ ವೇಷ ಹೊಲಿದವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು.

* * *

ಶಾಲೆಯ ಗುಮಾಸ್ತೆ ಹಿಲರಿ ಡಾಬ್ಸನ್ ಮೊದಲು ಬಂದರಿನ ಮೀನು ಪರೀಕ್ಷೆಯ ಲ್ಯಾಬಿನಲ್ಲಿದ್ದವಳು. ವಾಸನೆ ಬಂದ ಮಾತ್ರಕ್ಕೆ ಮೀನನ್ನು ಎಸೆಯುವವಳಲ್ಲ. ಆಫೀಸಿಗೆ ಹೊರಟಿದ್ದ ನೆಸ್ಟಾಳನ್ನು ಅಲ್ಲೇ ತಡೆದು ನಿಲ್ಲಿಸಿದಳು. ಮೆರವಣಿಗೆಗೆ ಇನ್ನು ಹತ್ತು ನಿಮಿಷ.

ಅವಳ ಮೊದಲ ಅನುಮಾನ ಪೆಲ್ ಮೇಷ್ಟ್ರ ಮೇಲೆ. ಅವರು ಮುಳ್ಳುಹಂದಿಯಾಗಿದ್ದರು. ಬೆಳಗಿನಿಂದ ಇಬ್ಬರನ್ನೂ ಒಂದು ಪರದೆಯನ್ನೂ ತಿವಿದಿದ್ದರು.

“ಸ್ವಲ್ಪ ತಿರುಗಿ ಮೇಷ್ಟ್ರೇ.” ಹಿಲರಿ ಒಂದು ಮುಳ್ಳನ್ನು ಒತ್ತಿದಳು. ಅದು ಮಡಚಿಕೊಂಡಿತು.

“ಜ್ಯೂಸ್ ಕುಡಿಯೋ ಕೊಳವೆ,” ಎಂದರು ಮೇಷ್ಟ್ರು, ನಾಚಿಕೊಂಡು.

ಮುಳ್ಳುಹಂದಿ ನಿರಪರಾಧಿ. ಹಿಲರಿ ತೂತಿನ ಮುಂದೆ ಮಂಡಿಯೂರಿದಳು. ಬಹಳ ಹೊತ್ತು ನೋಡಿದಳು. ನೆಸ್ಟಾಳ ಕತ್ತರಿಯನ್ನೂ ಇಸಕೊಂಡು, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟಳು.

“ಥಾರ್ನ್‌ಲಿಯವರೇ, ಇದಕ್ಕೆ ತೋಳು ಎಲ್ಲಿ?”

“ಲೈಟ್‌ಹೌಸಿಗೆ ತೋಳು ಇರುತ್ತೇನ್ರೀ?”

“ಹಿಂದೆ ಬಿಚ್ಚೋಕೆ?”

“ಮೈಮೇಲೆ ಹಾಕಿಯೇ ಹೊಲಿದುಬಿಟ್ಟೆ. ಬಿಚ್ಚಿಹೋಗಬಾರದಲ್ಲ.”

“ಕೆಳಗಿನಿಂದ ಎತ್ತೋಕೆ?”

“ಆಗಲ್ಲ. ಮೊಣಕಾಲಿನ ಹತ್ತಿರ ತಂತಿಯ ಬಳೆ ಬಿಗಿಯಾಗಿದೆ,” ಗ್ರಹಾಂ ಹೆಮ್ಮೆಯಿಂದ ಹೇಳಿದ.

“ಬೆಳಿಗ್ಗೆ ಹುಡುಗ ಏನು ಕುಡಿದ?”

“ದೊಡ್ಡ ಲೋಟ ಹಾಲು. ಅದಕ್ಕೂ ಇದಕ್ಕೂ ಏನು...”

ಅವನ ಕಣ್ಣು ತೂತಿನ ಮೇಲೆ ಹೋಯಿತು.

* * *

“ಹೊರಗಿನಿಂದ ಕತ್ತರಿ ಹಾಕಿದ್ದರೆ ಸ್ಪಂಜು ಒಳಗೆ ಮಡಚಿರುತ್ತಿತ್ತು,” ಎಂದಳು ಹಿಲರಿ. “ಇಲ್ಲಿ ಹೊರಗೆ ಉಬ್ಬಿದೆ, ಬಣ್ಣವೂ ಹೊರಕ್ಕೆ ಸಿಡಿದಿದೆ. ಕತ್ತರಿಯ ತುದಿಗೆ ಮಾತ್ರ ಕೆಂಪು ಹತ್ತಿದೆ, ಅಲಗಿನ ತುಂಬ ಸ್ಪಂಜಿನ ಪುಡಿ. ಅಂದರೆ ಒಳಗಿನಿಂದ ಕತ್ತರಿಸಿದ್ದು. ಒಳಗಿರೋನು ಒಬ್ಬನೇ. ಇನ್ನು ತೂತು ಯಾವ ಎತ್ತರದಲ್ಲಿದೆ ಅಂತ ನೀವೇ ನೋಡಿ. ಹೊಟ್ಟೆಕಿಚ್ಚಿನವರು ಅಷ್ಟು ಲೆಕ್ಕ ಹಾಕಿ ಕತ್ತರಿಸಲ್ಲ.”

ಲೈಟ್‌ಹೌಸ್ ಅಳತೊಡಗಿತು.

“ಒಂದಕ್ಕೆ ಅರ್ಜೆಂಟಾಗಿತ್ತು ಮಿಸ್. ನೆಸ್ಟಾ ಕತ್ತಿನ ಸಂದೀಲಿ ಕತ್ತರಿ ಒಳಗೆ ಇಳಿಸಿಕೊಟ್ಲು. ಅಪ್ಪಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ದೆ.”

“ನೀನೇ ಯಾಕೆ ಕತ್ತರಿಸ್ಲಿಲ್ಲ?” ಹೆಡ್‌ಮಿಸ್ಟ್ರೆಸ್ ನೆಸ್ಟಾಳನ್ನು ಕೇಳಿದರು.

“ಒಳಗೆ ಏನೇನು ಎಲ್ಲೆಲ್ಲಿದೆ ಅಂತ ನಂಗೇನು ಗೊತ್ತು ಮಿಸ್?”

ಪೆಲ್ ಮೇಷ್ಟ್ರು ಗೋಡೆಯ ಕಡೆ ತಿರುಗಿಕೊಂಡರು. ಮುಳ್ಳುಗಳೆಲ್ಲ ನಡುಗುತ್ತಿದ್ದವು.

“ಈ ವೇಷ ಆರಿಸಿದ್ದು ಯಾರು?” ಹಿಲರಿ ಕೇಳಿದಳು.

“ಅವನೇ... ಅಂದರೆ, ನಾನು ಆರಿಸಿದೆ. ಅವನು ಹೂಂ ಅಂದ.”

“ಹಾಗಾದರೆ ಅಪರಾಧಿ ಸಿಕ್ಕಿದ ಹಾಗಾಯ್ತು, ಥಾರ್ನ್‌ಲಿಯವರೇ.”

ಹೆಡ್‌ಮಿಸ್ಟ್ರೆಸ್ ನೆಸ್ಟಾಳ ಹೆಗಲು ತಟ್ಟಿ, “ತಪ್ಪು ನಂದು ಪುಟ್ಟಿ. ಸಾಲಿನಲ್ಲಿ ನೀನೇ ಮುಂದೆ ನಿಲ್ಲು,” ಎಂದರು. ಮುಂದಿನ ಸಾಲಿನ ಅಜ್ಜಿ ಕರ್ಚೀಫು ಹುಡುಕತೊಡಗಿದಳು.

ಗ್ರಹಾಂ ನೆಸ್ಟಾಳತ್ತ ಕೈ ಚಾಚಿದ.

“ಆ ಕತ್ತರಿ ಕೊಡಮ್ಮ.”

ಮೂರು ವಾರದ ಕೆಲಸಕ್ಕೆ ಅವನೇ ಕತ್ತರಿ ಹಾಕಿದ. ಎಡಕ್ಕೊಂದು, ಬಲಕ್ಕೊಂದು ತೂತು. ಎರಡು ಪುಟ್ಟ ಕೈ ಹೊರಗೆ ಬಂದವು. ಐವರ್ ಅಪ್ಪನನ್ನು ಅಪ್ಪಿಕೊಳ್ಳಲಿಲ್ಲ, ಯಾರಿಗೂ ಕೈ ಬೀಸಲೂ ಇಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈಯಿಂದ, ಮನಸಾರೆ ಮೂಗು ಕೆರೆದುಕೊಂಡ.