ಕ್ಯಾಮೆರಾ ಆಫ್ ಮಾಡಂಗಿಲ್ಲ!

ಪೈಪು ಕಿತ್ತು ಬರುತ್ತಿತ್ತು!

ಮೂರನೇ ಮಹಡಿ. ಕೆಳಗೆ ಸಿಮೆಂಟ್ ನೆಲ. ಪೈಪನ್ನು ಗೋಡೆಗೆ ಹಿಡಿದಿದ್ದ ಕ್ಲಾಂಪುಗಳು ಟಕ್... ಟಕ್... ಅಂತ ಬಿಡುತ್ತಿದ್ದವು. ಬಾಲ್ಕನಿ ಇನ್ನೂ ಒಂದು ಮಾರು ದೂರ!

ಅಲ್ಲಿ ಯಾಕೆ ನೇತಾಡುತ್ತಿದ್ದೆ ಅಂತೀರಾ? ಕೇಳಿ.

ಓಡಿಹೋದ ಗಂಡಂದಿರನ್ನು ಹುಡುಕಿ, ಕಿವಿ ಹಿಡಿದು ಮನೆಗೆ ತರುವುದು ನನ್ನ ಕಸುಬು. ಅವತ್ತು ಮಾತ್ರ ಫೋನ್ ಬಂದದ್ದು ನಮ್ಮ ಮನೆಯಿಂದಲೇ. ಅಮ್ಮ.

"ಬೇಗ ಬಾರೋ! ನಿನ್ನ ತಂಗಿ ರೂಮಿಂದ ಹೊರಗೇ ಬರ್ತಿಲ್ಲ. ನಿನ್ನೆಯಿಂದ ಇನ್ಸುಲಿನ್ ತಗೊಂಡಿಲ್ಲ ಕಣೋ..."

ಇನ್ಸುಲಿನ್ ಇಲ್ಲದೆ ನನ್ನ ತಂಗಿ ಬದುಕುವುದಿಲ್ಲ. ಅಷ್ಟೇ ವಿಷಯ.

ಹೋದವನೇ ಬಾಗಿಲಿಗೆ ಒದ್ದೆ. ಕದಲಲಿಲ್ಲ. ಒಳಗೆ ಕಬ್ಬಿಣದ ಬೀರು ಅಡ್ಡ ಎಳೆದಿದ್ದಳು. ಕಿಟಕಿಗೆ ಗ್ರಿಲ್.

"ಅಣ್ಣಾ, ಹೋಗು! ಬಾಗಿಲು ತೆಗೆದ್ರೆ ನಿನ್ನನ್ನೂ ಅರೆಸ್ಟ್ ಮಾಡ್ತಾರೆ!"

"ಯಾರೇ ಅವನು?"

"ಆಫೀಸರ್... ವಿಡಿಯೋ ಕಾಲಲ್ಲೇ ಇದಾರೆ. ಕ್ಯಾಮೆರಾ ಆಫ್ ಮಾಡಂಗಿಲ್ಲ. ನಾನು ಟೈಪ್ ಮಾಡಿದ್ರಲ್ಲಿ ತಪ್ಪಿತ್ತಂತೆ... ಕಂಪನಿಯೋರು ಕೇಸ್ ಹಾಕಿದಾರೆ..."

ಮಾತು ತೊದಲುತ್ತಿತ್ತು.

ಮನೆಯಲ್ಲೇ ಕೂತು ಟೈಪಿಂಗ್ ಕೆಲಸ. ಬೀದಿ ಕಂಬದ ಸ್ಟಿಕರ್ ನೋಡಿ ಸೇರಿದ್ದಳು. ಸೇರುವಾಗ ಡೆಪಾಸಿಟ್ ಬೇರೆ ಕಟ್ಟಿದ್ದಳಂತೆ! ಲೇ ಹುಚ್ಚಿ, ಕೆಲಸ ಕೊಡುವವನು ದುಡ್ಡು ಕೊಡುತ್ತಾನೆ, ಕೇಳುತ್ತಾನೇನೇ ಅಂತ ಬೈಯಬಹುದಿತ್ತು. ಬೈಸಿಕೊಳ್ಳುವುದಕ್ಕೆ ಅವಳು ಉಳಿಯಬೇಕಲ್ಲ!

ಕಿವಿಯನ್ನು ಬಾಗಿಲಿಗೆ ಒತ್ತಿದೆ.

"ಬಾಗಿಲ ಹತ್ರ ಹೋಗಬೇಡಿ ಮೇಡಂ!" ಫೋನಿನೊಳಗೆ ಗಡಸು ದನಿ. ಅದರ ಹಿಂದೆ ಟೈಲ್ಸ್ ಕತ್ತರಿಸುವ ಮೆಷಿನ್ನಿನ ಕಿರುಚಾಟ. ಅದರ ಹಿಂದೆ... ಮೈಕು.

"ಹಳೇ ಕಬ್ಬಿಣಾ... ಹಳೇ ಪೇಪರ್... ಖೊಕ್ ಖೊಕ್... ಮುರಿದ ಕುರ್ಚಿ..."

ಗುಜರಿ ಗಾಡಿ!

ಸ್ವಲ್ಪ ಹೊತ್ತಿಗೆ ಅದೇ ರೆಕಾರ್ಡು ನಮ್ಮ ಕಿಟಕಿಯ ಕೆಳಗೇ ಕೂಗಿತು. ಪೇಪರ್ ಆದಮೇಲೆ ಅದೇ ಕೆಮ್ಮು!

ಅಂದರೆ... ಈ ಆಫೀಸರ್ ಇಲ್ಲೇ ಎಲ್ಲೋ ಕೂತಿದ್ದಾನೆ!

ಮೆಟ್ಟಿಲು ಹಾರಿದೆ. ಗುಜರಿಯವನ ಕಾಲರ್ ಹಿಡಿದೆ.

"ಇದಕ್ಕೆ ಮುಂಚೆ ಯಾವ ರಸ್ತೇಲಿದ್ದೆ?"

"ಹಿಂದಿನ ರಸ್ತೆ... ಯಾಕಣ್ಣ? ತೂಕದಲ್ಲಿ ಮೋಸ ಮಾಡಿಲ್ಲ, ತಾಯಾಣೆ!"

ಓಡಿದೆ. ನಾಯಿ ಅಟ್ಟಿಸಿಕೊಂಡು ಬಂತು. ಇನ್ನೂ ಜೋರಾಗಿ ಓಡಿದೆ.

ಹಿಂದಿನ ರಸ್ತೆಯಲ್ಲಿ ಒಂದೇ ಒಂದು ಕಟ್ಟಡದಿಂದ ಟೈಲ್ಸ್ ದೂಳು ಏಳುತ್ತಿತ್ತು. ಎರಡನೇ ಮಹಡಿಯಲ್ಲಿ ಕೆಲಸ. ಅದರ ಮೇಲಿನ ಮನೆಗೆ ಹೊರಗಿನಿಂದ ಬೀಗ. ಆದರೆ ಒಳಗೆ ಅದೇ ದನಿ!

"ಕೂತಲ್ಲೇ ಕೂತಿರಿ ಮೇಡಂ!"

ಅದಕ್ಕೇ ಪೈಪು ಹತ್ತಿದ್ದು.

ಕೊನೆಯ ಕ್ಲಾಂಪ್ ಬಿಟ್ಟಿತು. ಹಾರಿದೆ! ಬಾಲ್ಕನಿಯ ಕಂಬಿ ಕೈಗೆ ಸಿಕ್ಕಿತು. ಹಲ್ಲು ಕಚ್ಚಿಕೊಂಡು ಒಳಗೆ ಉರುಳಿದೆ...

ಗೋಡೆಗೆ ನೀಲಿ ಬೆಡ್‌ಶೀಟು ಕಟ್ಟಿ, ಅದರ ಮುಂದೆ ಆಫೀಸರ್ ಕೂತಿದ್ದ. ಮೇಲೆ ಖಾಕಿ ಅಂಗಿ, ನಕ್ಷತ್ರ, ಟೋಪಿ. ಕೆಳಗೆ ಹೂವಿನ ಚಡ್ಡಿ! ಮೀಸೆಯೂ ಸರಿಯಾಗಿ ಬಂದಿರಲಿಲ್ಲ.

ಅವನ ಕಾಲರ್ ಹಿಡಿದು ಇನ್ನೊಂದು ಕೈ ಎತ್ತಿದೆ. ಅವನು ಗಬಕ್ಕನೆ ಮ್ಯೂಟ್ ಒತ್ತಿದ.

"ಅಣ್ಣಾ ಅಣ್ಣಾ, ಹೊಡೀಬೇಡಿ! ಮ್ಯಾನೇಜರ್ ನೋಡ್ತಿರ್ತಾರೆ!"

ಶೆಲ್ಫಿನ ಮೇಲೆ ಇನ್ನೊಂದು ಫೋನು. ಅದರ ಕ್ಯಾಮೆರಾ ಅವನ ಕಡೆಗೇ!

"ಯಾವ ಮ್ಯಾನೇಜರೋ?"

"ಮುಖ ನೋಡಿಲ್ಲ ಅಣ್ಣ... ವರ್ಕ್ ಫ್ರಮ್ ಹೋಮ್. ಕಂಬದ ಮೇಲೆ ಸ್ಟಿಕರ್ ಇತ್ತು. ಸಂಬಳ ಇನ್ನೂ ಬಂದಿಲ್ಲ. ಈ ಡ್ರೆಸ್ಸಿಗೂ ನಾನೇ ಡೆಪಾಸಿಟ್ ಕಟ್ಟಿದೀನಿ. ಡ್ಯೂಟಿ ಟೈಮಲ್ಲಿ ಯಾರೂ ಒಳಗೆ ಬರಬಾರದಂತೆ, ಅಕ್ಕನೇ ಬೀಗ ಹಾಕ್ಕೊಂಡು ಹೋಗ್ತಾಳೆ. ಮಧ್ಯದಲ್ಲಿ ಎದ್ರೆ ನನ್ನ ಮೇಲೂ ಕೇಸ್ ಅಂತೆ!"

ಎತ್ತಿದ ಕೈ ಹಾಗೇ ನಿಂತಿತು.

ಶೆಲ್ಫಿನ ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಮ್ಯೂಟ್ ತೆಗೆದು, ಕ್ಯಾಮೆರಾ ಮುಂದೆ ಮುಖ ತೂರಿಸಿ ಕಿರುಚಿದೆ.

"ಲೇ, ಬಾಗಿಲು ತೆಗಿಯೇ! ಇವನು ಪೊಲೀಸಲ್ಲ!"

ಪರದೆಯಲ್ಲಿ ತಂಗಿ ಗೋಡೆಗೆ ಒರಗಿದ್ದಳು. ತುಟಿ ಒಣಗಿತ್ತು. ನನ್ನನ್ನು ನೋಡಿದ್ದೇ ಅವಳ ಕಣ್ಣು ಅಗಲವಾಯಿತು.

"ಅಯ್ಯೋ... ಅಣ್ಣನನ್ನೂ ಹಿಡಿದ್ರಾ ಸರ್? ಬಿಟ್ಬಿಡಿ ಸರ್... ನಾನು ಇಲ್ಲಿಂದ ಅಲ್ಲಾಡಲ್ಲ..."

ತಲೆ ಎದೆಗೆ ಜೋತುಬಿತ್ತು.

ಸತ್ತೆ! ನನ್ನ ಮಾತು ಅವಳಿಗೆ ಇನ್ನು ಮಾತೇ ಅಲ್ಲ. ಜಗತ್ತಿನಲ್ಲಿ ಅವಳು ಮಾತು ಕೇಳುವುದು ಒಬ್ಬನದೇ... ಈ ಹೂವಿನ ಚಡ್ಡಿಯದು!

ಅವನ ಕಾಲರ್ ಬಿಟ್ಟೆ. ಕೈ ಮುಗಿದೆ.

"ನೀನೇ ಹೇಳಪ್ಪಾ..."

ಅವನು ಟೋಪಿ ಸರಿಮಾಡಿಕೊಂಡ.

"ಮೇಡಂ! ಕೇಸ್ ಕ್ಲೋಸ್! ಬೀರು ಸರಿಸಿ. ಇನ್ಸುಲಿನ್ ತಗೊಳ್ಳಿ. ಇದು... ಇಲಾಖೆ ಆರ್ಡರ್!"

"ಸರಿ ಸರ್..."

ಎದ್ದಳು. ಬಿದ್ದಳು. ಮತ್ತೆ ಎದ್ದಳು. ಬೀರು ಕರಕರ ಅಂದಿತು... ನಿಂತಿತು... ಮತ್ತೆ ಕರಕರ! ಸಂದಿಯಲ್ಲಿ ಅಮ್ಮನ ಕೈ ಕಂಡಿತು. ಕೈಯಲ್ಲಿ ಇಂಜೆಕ್ಷನ್.

"ಆಟೋ ಕರೀರಿ ಯಾರಾದ್ರೂ, ಆಸ್ಪತ್ರೆಗೆ!" ಅಮ್ಮನ ಕೂಗು. ತಂಗಿ ಅವಳ ಹೆಗಲಿಗೆ ಒರಗಿ ಉಸಿರಾಡುತ್ತಿದ್ದಳು.

ನಾನು ಅಲ್ಲೇ ನೆಲದ ಮೇಲೆ ಕೂತೆ.

ಅವನ ಅಕ್ಕ ಬಂದು ಬೀಗ ತೆಗೆಯುವವರೆಗೆ ಇಬ್ಬರಿಗೂ ದಾರಿಯಿಲ್ಲ. ಆಫೀಸರ್ ಟೋಪಿ ತೆಗೆದು ಪಕ್ಕದಲ್ಲಿ ಕೂತ.

"ಅಣ್ಣಾ... ಇದ್ದ ಕೆಲಸಾನೂ ಹೋಯ್ತು. ಬೇರೆ ಏನಾದ್ರೂ ಇದ್ರೆ ಹೇಳ್ತೀರಾ?"

"ಇದೆ. ಮ್ಯಾನೇಜರ್ ಬಗ್ಗೆ ಗೊತ್ತಿರೋದೆಲ್ಲ ಬಾಯಿ ಬಿಡೋ ಕೆಲಸ."

"ಮನೇಲೇ ಕೂತು ಮಾಡೋದಾ?"

"ಇಲ್ಲಪ್ಪ. ನಿಜವಾದ ಆಫೀಸರ್ ಎದುರಿಗೆ ಕೂತು ಮಾಡೋದು!"